ಫ್ರಾನ್ಸಿನ ಮುಸ್ಸಂಜೆ

ನನ್ನ ಗಂಟಲಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರಾದರೂ ಹೇಳಿಯಾರು ಎಂದು ಕಾದು ಕಾದು ಸಾಕಾಗಿದೆ, ಅದಕ್ಕೇ ಹೇಳುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರುಗಳ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವುದು ನನ್ನ ಕೆಲಸ. ನಾನು ಒಮ್ಮೆ ಬಾಯಿ ತೆರೆದರೆ ದೂರದ ಹೊಲದಲ್ಲಿ ಉಳುತ್ತಿದ್ದವನು ನೇಗಿಲನ್ನು ಸಾಲಿನಲ್ಲೇ ಬಿಟ್ಟು ಚೀಲ ಹಿಡಿದು ಓಡಿ ಬರುತ್ತಿದ್ದ. ಎಲ್ಲಿಗೂ ಹೋಗುವ ಮನಸ್ಸಿಲ್ಲದೆ ಸುಮ್ಮನೆ ಬೀಡಿ ಸೇದಲು ಬಂದವರು ನನ್ನ ಕೂಗಿಗೆ ಸಿಕ್ಕಿ ಬಸ್ಸು ಹತ್ತಿ, ಪರಸ್ಥಳದಲ್ಲಿ ಇಳಿದು, ಅಲ್ಲೇ ಮದುವೆಯಾಗಿ ಮಕ್ಕಳುಮರಿ ಮಾಡಿಕೊಂಡದ್ದೂ ಉಂಟು. ಇಂಥ ಉಗ್ರಪ್ಪನಿಗೆ, ಎಂದರೆ ನನಗೆ, ಮಾತಿನಲ್ಲಿ ಮಣ್ಣು ಮುಕ್ಕಿಸುವ ಜೀವ ನಮ್ಮೂರಿನಲ್ಲಿ ಒಂದೇ ಒಂದಿತ್ತು. ಅದು ನನ್ನ ಒಡಹುಟ್ಟಿದ ಅಕ್ಕ ಸಿಂಗಾರಮ್ಮ. ಅವಳು ಜಗಳಕ್ಕೆ ನಿಂತರೆ ಎದುರು ಮನೆಯ ಒಲೆಯ ಮೇಲಿನ ಹಾಲು ಒಡೆಯುತ್ತಿತ್ತು. ನಗಿಸಲು ನಿಂತರೆ ಹೆಣ ಹೊತ್ತವರು ಚಟ್ಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅಂಥವಳು ಬಾಯಿ ಮುಚ್ಚಿಕೊಂಡು ನಿಂತ ಕಥೆ ಇದು. ನನಗೆ ಹೇಳಿ ಖುಷಿಯಾಗುವ ಕಥೆಯಲ್ಲ.

ನಮ್ಮೂರಿನ ಮುಸ್ಸಂಜೆ ನಿಮ್ಮೂರಿನದರಂತಲ್ಲ. ಸೂರ್ಯ ಕೆಳಗೆ ಜಾರತೊಡಗಿದಲ್ಲಿಂದ ದೀಪ ಹಚ್ಚುವ ತನಕ ಯಾರು ಏನು ಆಡಿದರೂ, ಅದು ಯಾರ ಕಿವಿಗೆ ಬಿತ್ತೋ ಅವರಿಗೆ ಹಾಗೇ ಆಗಿಬಿಡುತ್ತದೆ. ಬೇರೆ ಊರುಗಳಲ್ಲಿ ಅಜ್ಜಿಯರು ‘ಅಸ್ತು ದೇವತೆಗಳು ತಿರುಗೋ ಹೊತ್ತು, ಕೆಟ್ಟದ್ದು ಆಡಬೇಡ’ ಎಂದು ಮಕ್ಕಳನ್ನು ಹೆದರಿಸುತ್ತಾರಂತೆ. ನಮ್ಮಲ್ಲಿ ಹೆದರಿಸಬೇಕಾಗಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರೆ ಸಾಕು. ಊರ ಬಾಗಿಲಿನಲ್ಲಿ ಒಂದು ಕಲ್ಲೆಮ್ಮೆ ನಿಂತಿದೆ. ಸಂಜೆ ಮನೆಗೆ ಹೊಡೆದುಕೊಂಡು ಬರುವಾಗ ಹೆಜ್ಜೆ ಎತ್ತದೆ ಹಟ ಮಾಡಿತೆಂದು ಅದರ ಒಡೆಯ ‘ಕಲ್ಲಾಗಿ ಹೋಗು’ ಎಂದಿದ್ದ. ಮಳೆ ಬಂದಾಗ ಅದು ಈಗಲೂ ಬಾಲ ಬೀಸುತ್ತದೆ ಎನ್ನುವವರಿದ್ದಾರೆ. ಅಷ್ಟೊಂದು ಸುಳ್ಳು ನನಗೆ ಬರುವುದಿಲ್ಲ; ಕಿವಿ ಮಾತ್ರ ಅಲ್ಲಾಡಿಸುತ್ತದೆ. ಒಳ್ಳೆಯದು ಆಡಿದರೂ ಕಷ್ಟವೇ. ಹೊಸದಾಗಿ ಮದುವೆಯಾದವನೊಬ್ಬ ಹೆಂಡತಿಯ ಗಲ್ಲ ಹಿಡಿದು ‘ನೀನು ಯಾವಾಗಲೂ ಹೀಗೇ ನಗ್ತಾ ಇರು’ ಎಂದ. ರಂಗಿ ಎಂದು ಅವಳ ಹೆಸರು. ಅವನ ತಿಥಿಯ ದಿನವೂ ನಗುತ್ತಲೇ ಇದ್ದಳು. ಕಣ್ಣಲ್ಲಿ ನೀರು ಧಾರೆ ಧಾರೆ, ಬಾಯಲ್ಲಿ ಕಿಲಕಿಲ.

ಆದ್ದರಿಂದ ಹಿರಿಯರು ಒಂದು ಪದ್ಧತಿ ಮಾಡಿದರು. ಸೂರ್ಯ ಜಾರುವ ಹೊತ್ತಿಗೆ ಪುರಸಭೆಯ ಗಂಟೆ ಹೊಡೆಯುತ್ತದೆ. ಊರಿಗೆ ಊರೇ ಬಾಯಿ ತುಂಬ ನೀರು ತುಂಬಿಕೊಂಡು ಕೂರುತ್ತದೆ. ಮತ್ತೊಮ್ಮೆ ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ಉಗುಳುತ್ತಾರೆ. ಬೀದಿ ಬದಿಯ ಗಿಡಗಳೆಲ್ಲ ಆ ನೀರಿನಲ್ಲೇ ಬೆಳೆದವು. ಕೂಸುಗಳಿಗೆ ಮೊಲೆ ಕೊಡುತ್ತಾರೆ, ಗಿಳಿಗಳಿಗೆ ಬಟ್ಟೆ ಹೊದಿಸುತ್ತಾರೆ. ಬಸ್ಸಿನಿಂದ ಇಳಿದ ಹೊಸಬರಿಗೆ ಒಂದು ಲೋಟ ನೀರು ಕೊಟ್ಟು, ನುಂಗಬೇಡಿ ಎಂದು ಸನ್ನೆ ಮಾಡಿ ಕೂರಿಸುತ್ತಾರೆ. ಅಭ್ಯಾಸವಾದರೆ ಏನೂ ಕಷ್ಟವಿಲ್ಲ. ಗಂಡ ಹೆಂಡತಿ ಜಗಳಗಳಲ್ಲಿ ಅರ್ಧ ಆ ನೀರಿನಲ್ಲೇ ಕರಗಿ ಹೋಗುತ್ತವೆ.

ಅಕ್ಕನ ಕೆಲಸ ಮ್ಯೂಸಿಯಮ್ಮಿನಲ್ಲಿ. ಯಾವ ಕಾಲದಲ್ಲೋ ನಮ್ಮೂರನ್ನು ಆಳಿದ ಜಹಗೀರದಾರನೊಬ್ಬ ದೇಶ ದೇಶ ಸುತ್ತಿ ಕೂಡಿಹಾಕಿದ ಸಾಮಾನು ಅಲ್ಲಿದೆ. ಅಕ್ಕ ಬಾಗಿಲಿನಲ್ಲಿ ಟಿಕೆಟ್ ಹರಿದು, ಬಂದವರನ್ನು ಒಳಗೆ ಸುತ್ತಾಡಿಸುತ್ತಿದ್ದಳು. ಒಣಹುಲ್ಲು ತುಂಬಿದ ಮೊಸಳೆಯನ್ನು ತೋರಿಸಿ ‘ಇದು ಒಂದು ಮದುವೆ ದಿಬ್ಬಣಾನೇ ನುಂಗಿತ್ತು, ಹೊಟ್ಟೆಗೆ ಕಿವಿ ಇಟ್ಟರೆ ಈಗ್ಲೂ ವಾಲಗ ಕೇಳುತ್ತೆ’ ಎನ್ನುವಳು. ಜನ ಕಿವಿ ಇಟ್ಟು, ಹೌದು ಹೌದು ಎಂದು ತಲೆಯಾಡಿಸಿ ಹೋಗುತ್ತಿದ್ದರು. ಹರೆಯದಲ್ಲಿ ಅವಳನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ‘ಹುಡುಗಿಗೆ ಬಾಯಿ ಸ್ವಲ್ಪ ಜಾಸ್ತಿ’ ಎಂದು ಎದ್ದು ಹೋಗಿದ್ದರು. ಆಮೇಲೆ ಬರುವವರೂ ನಿಂತರು. ಅವಳು ಅದನ್ನೂ ನಗೆಯಾಗಿಸಿದಳು.

ಒಂದು ದಿನ ಮ್ಯೂಸಿಯಮ್ಮಿನ ಕ್ಯುರೇಟರ್ ಪದ್ಮನಾಭರಾಯರು ಉಗ್ರಾಣದ ಹಳೆಯ ಪೆಟ್ಟಿಗೆಯೊಂದನ್ನು ಹಿಂದುಗಡೆಯ ಕಿಟಕಿಯಿಲ್ಲದ ಕೋಣೆಗೆ ತರಿಸಿ ಬಿಚ್ಚಿಸಿದರು. ಅದರೊಳಗೆ ಒಂದು ಚಿತ್ರ. ಎರಡು ಗೇಣು ಅಗಲ, ಬಣ್ಣವಿಲ್ಲ, ಕಂದು ಶಾಯಿಯ ಗೆರೆಗಳು ಅಷ್ಟೇ. ಒಂದು ನದಿ. ದಡದಲ್ಲಿ ಎತ್ತರದ ಬೋಳು ಮರಗಳು. ನೀರಿಗೆ ಬಾಯಿ ಹಾಕಿದ ಒಂದು ದನ. ದೂರದಲ್ಲಿ ಅರ್ಧ ಮುಳುಗಿದ ಸೂರ್ಯ. ಫ್ರಾನ್ಸ್ ದೇಶದ ಎಚಿಂಗ್ ಎಂದು ರಾಯರು ಹೇಳಿದರು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್‌ನಲ್ಲಿ ಅದ್ದಿ, ಗೀರಿದ ಕಡೆ ಶಾಯಿ ತುಂಬಿ ಕಾಗದಕ್ಕೆ ಒತ್ತುತ್ತಾರಂತೆ. ಹೆಸರು ‘ಸೂರ್ಯಾಸ್ತ’. ಅದನ್ನು ಗೋಡೆಗೆ ಹಾಕುವಾಗ ಜವಾನ ಚೆಲುವಯ್ಯ ಬಾಯಿ ಬಿಟ್ಟುಕೊಂಡು ಚಿತ್ರ ನೋಡುತ್ತ ನಿಂತ. ರಾಯರಿಗೆ ರೇಗಿತು. ‘ಎಲ್ಲಂದ್ರಲ್ಲಿ ನಿಂತ್ಕೋತೀಯಲ್ಲಯ್ಯ, ನಿಲ್ಲಬೇಡ, ನಡೀತಾ ಇರು!’ ಎಂದರು.

ಚೆಲುವಯ್ಯ ನಡೆದ. ಬಾಗಿಲು ದಾಟಿದ, ಬೀದಿ ದಾಟಿದ, ಊರು ದಾಟಿದ. ಆಗ ಪುರಸಭೆಯ ಗಂಟೆ ಹೊಡೆಯಿತು. ಚೆಲುವಯ್ಯ ಇನ್ನೂ ನಡೆಯುತ್ತಲೇ ಇದ್ದಾನೆ. ಎಲ್ಲೆಲ್ಲೋ ಸುತ್ತಿ ಒಂದೊಂದು ಸಲ ನಮ್ಮೂರನ್ನೂ ಹಾದು ಹೋಗುತ್ತಾನೆ. ಅವನ ಹೆಂಡತಿ ತಟ್ಟೆ ಹಿಡಿದು ಪಕ್ಕದಲ್ಲಿ ಓಡುತ್ತಾ ತುತ್ತು ಕೊಡುತ್ತಾಳೆ. ಸಮುದ್ರದ ಮೇಲೂ ಸ್ವಲ್ಪ ದೂರ ನಡೆದಿದ್ದನೆಂದು ಕೇಳಿದ್ದೇನೆ.

ಊರು ಲೆಕ್ಕ ಹಾಕಿತು. ರಾಯರು ಬೈದದ್ದು ಗಂಟೆಗೆ ಮುಂಚೆ. ಗಂಟೆ ಹೊಡೆಯದೆ ಮುಸ್ಸಂಜೆ ಆಗುವಂತಿಲ್ಲ. ಹಾಗಾದರೆ ಆ ಕೋಣೆಯಲ್ಲಿ ಮುಸ್ಸಂಜೆ ಎಲ್ಲಿಂದ ಬಂತು? ಗೋಡೆಯ ಮೇಲಿಂದ. ಚಿತ್ರದೊಳಗೆ ಸೂರ್ಯ ಸದಾ ಮುಳುಗುತ್ತಲೇ ಇರುವುದರಿಂದ ಅದರ ಎದುರು ಹಗಲೆಲ್ಲ ಮುಸ್ಸಂಜೆಯೇ. ಇಷ್ಟು ಸರಳವಾದ ಲೆಕ್ಕಕ್ಕೆ ಯಾರು ಎದುರಾಡುತ್ತಾರೆ? ಪುರಸಭೆ ಠರಾವು ಮಾಡಿತು. ಕೋಣೆಯ ಬಾಗಿಲಿನಲ್ಲಿ ಒಂದು ತಾಮ್ರದ ಹಂಡೆ, ಲೋಟಗಳು, ಪಕ್ಕದಲ್ಲಿ ಉಗುಳಲು ಒಂದು ತೊಟ್ಟಿ. ಬಾಯಿ ತುಂಬ ನೀರಿಲ್ಲದೆ ಯಾರೂ ಆ ಹೊಸಿಲು ದಾಟಕೂಡದು. ಅದನ್ನು ಕಾಯುವ ಕೆಲಸ ಅಕ್ಕನ ಪಾಲಿಗೆ ಬಂತು. ಬಂದವರ ಜೊತೆ ಒಳಗೆ ಹೋಗಿ, ತಾನೂ ನೀರು ತುಂಬಿಕೊಂಡು ನಿಲ್ಲಬೇಕು. ‘ಲೋ ಉಗ್ರಾ, ನನ್ನನ್ನ ಜೀವಂತ ಸಮಾಧಿ ಮಾಡ್ಬಿಟ್ರಲ್ಲೋ’ ಎಂದು ಮೊದಲ ದಿನ ಮನೆಗೆ ಬಂದು ಗೋಳಾಡಿದಳು. ಹಗಲು ಆಡದೆ ಉಳಿದ ಮಾತನ್ನೆಲ್ಲ ರಾತ್ರಿಯ ಊಟಕ್ಕೆ ಬಡಿಸಿದಳು.

ಹಾಗಿರುವಾಗ ಬಂದವರು ವೀರಾಚಾರಿ. ಪಾತ್ರೆ ಅಂಗಡಿಯ ಜಗಲಿಯಲ್ಲಿ ಕೂತು ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಅವರ ಕೆಲಸ. ನಮ್ಮೂರಿನ ಯಾವ ಮನೆಯ ಚೊಂಬನ್ನು ಮಗುಚಿ ನೋಡಿದರೂ ಅವರ ಕೈಬರಹವೇ. ಅವರು ಕೊರೆದ ಹೆಸರನ್ನು ಕಳ್ಳರು ಕೂಡ ಉಜ್ಜಲು ಮನಸ್ಸು ಬರದೆ ಪಾತ್ರೆಯನ್ನು ವಾಪಸು ಇಟ್ಟು ಹೋಗುತ್ತಿದ್ದರು. ಸಣ್ಣ ದನಿಯ ದೊಡ್ಡ ಮನುಷ್ಯ. ವಯಸ್ಸು ನಲವತ್ತರ ಹತ್ತಿರ, ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ಮಾತು ಮರೆತವರು. ತಾಯಿ ಹೋದ ಮೇಲೆ ನೆನಪಿಸುವವರೂ ಇರಲಿಲ್ಲ. ಸೂಜಿಯಲ್ಲಿ ಗೀರಿದ ಚಿತ್ರವಂತೆ ಎಂದು ಕೇಳಿ ಒಂದು ಮಧ್ಯಾಹ್ನ ನೋಡಲು ಬಂದರು. ಮಾರನೆಯ ಮಧ್ಯಾಹ್ನವೂ ಬಂದರು. ಆಮೇಲೆ ಬರದ ಮಧ್ಯಾಹ್ನವೇ ಇಲ್ಲವಾಯಿತು.

ಟೀ ಅಂಗಡಿಯಲ್ಲಿ ನನಗೆ ಸಿಕ್ಕಾಗ ಹೇಳುತ್ತಿದ್ದರು. ‘ಉಗ್ರಣ್ಣ, ಆ ಮನುಷ್ಯ ಆಕಾಶಕ್ಕೆ ಗೀರಿದಾನೆ, ನೀರಿಗೆ ಗೀರಿದಾನೆ, ದನದ ಒಂದೊಂದು ಕೂದಲಿಗೂ ಗೀರಿದಾನೆ. ಸೂರ್ಯನಿಗೆ ಮಾತ್ರ ಏನೂ ಗೀರಿಲ್ಲ. ಸುತ್ತಲೂ ಗೀರಿ, ಅಷ್ಟು ಜಾಗ ಸುಮ್ಮನೆ ಬಿಟ್ಟಿದಾನೆ. ಆ ಬಿಟ್ಟ ಕಾಗದಾನೇ ಹೊಳೆಯೋದು.’

‘ಅದನ್ನ ನೋಡೋಕೆ ದಿನಾ ಹೋಗ್ಬೇಕಾ ಆಚಾರ್ರೆ?’ ಎಂದೆ ನಾನು.

ಅವರ ಕಿವಿ ಕೆಂಪಾಯಿತು. ಆ ಕೆಂಪಿನಲ್ಲಿ ಬೀಡಿ ಹೊತ್ತಿಸಿಕೊಳ್ಳಬಹುದಿತ್ತು.

ಕೋಣೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಲ್ಲುತ್ತಿದ್ದರು. ಬಾಯಲ್ಲಿ ನೀರು, ಕಣ್ಣು ಗೋಡೆಯ ಮೇಲೆ. ಅವರು ಬೆರಳು ಚಾಚಿ ಒಂದು ಗೆರೆ ತೋರಿಸುವರು, ಅಕ್ಕ ಬಗ್ಗಿ ನೋಡಿ ತಲೆಯಾಡಿಸುವಳು. ಅವಳು ದನವನ್ನು ತೋರಿಸಿ ಹುಬ್ಬು ಹಾರಿಸುವಳು, ಅವರಿಗೆ ನಗು ಬಂದು ಮೂಗಿನಿಂದ ನೀರು ಹೊರಡುವುದು. ಹುಟ್ಟಿದಾಗಿನಿಂದ ಅಕ್ಕನನ್ನು ಯಾರೂ ಅಷ್ಟು ಹೊತ್ತು ಸುಮ್ಮನೆ ನೋಡಿರಲಿಲ್ಲ. ಅವಳ ಮುಖ ಮಾತಿಲ್ಲದಾಗ ಹೇಗಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಒಮ್ಮೆ ಬಾಗಿಲ ಸಂದಿಯಿಂದ ಇಣುಕಿ ನೋಡಿದೆ. ನಮ್ಮ ಅವ್ವ ನಿದ್ದೆಯಲ್ಲಿದ್ದಾಗ ಇದ್ದ ಮುಖ ಅದು.

ಹೊರಗೆ ಬಂದು ನೀರು ಉಗುಳಿದರೋ, ಎಲ್ಲ ಮೊದಲಿನಂತೆ. ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಆಚಾರ್ರು ಗಂಟಲು ಸರಿ ಮಾಡಿಕೊಳ್ಳುವರು.

‘ಸಿಂಗಾರಮ್ಮನವ್ರೇ, ಒಂದು ಮಾತು...’

‘ಒಂದೇ ಯಾಕೆ ಆಚಾರ್ರೆ, ಹತ್ತು ಆಡಿ, ಇಲ್ಲಿ ಸುಂಕ ಇಲ್ಲ. ಅಲ್ಲಾ, ಆ ದನ ಇಷ್ಟು ದಿನದಿಂದ ನೀರು ಕುಡೀತಾನೇ ಇದೆಯಲ್ಲ, ಅದಕ್ಕೇನು ಉಪ್ಪಿನಕಾಯಿ ತಿನ್ನಿಸಿದ್ರಾ? ಮತ್ತೆ ನಿಮ್ಮ ಜೇಬಿನಲ್ಲಿ ಅದೇನು ಉಳಿ ಚುಚ್ಕೊಂಡು ಬಂದಿದೀರ, ಮ್ಯೂಸಿಯಂ ಕಂಬಕ್ಕೆಲ್ಲ ಹೆಸರು ಕೊರೆಯೋ ಯೋಚನೆನಾ? ಪದ್ಮನಾಭರಾಯರ ಬೋಳು ತಲೆ ಖಾಲಿ ಇದೆ, ಅಲ್ಲಿ ಕೊರೀರಿ ಬೇಕಾದ್ರೆ.’

ಅಷ್ಟರಲ್ಲಿ ಆಚಾರ್ರ ಒಂದು ಮಾತು ಗಂಟಲಿನಿಂದ ಇಳಿದು ಹೊಟ್ಟೆ ಸೇರಿರುತ್ತಿತ್ತು. ನಕ್ಕು, ಚಪ್ಪಲಿ ಮೆಟ್ಟಿ ಹೋಗುವರು. ಅಕ್ಕನಿಗೆ ಹೆದರಿಕೆಯಾದಾಗ ಮಾತು ಹೆಚ್ಚುತ್ತಿತ್ತು ಎಂಬುದನ್ನು ನನ್ನ ಬಿಟ್ಟರೆ ಬಲ್ಲವರಿರಲಿಲ್ಲ. ಸಿಡಿಲು ಬಡಿದ ರಾತ್ರಿ ಅವಳು ಬೆಳಗಿನ ತನಕ ಒಗಟು ಹೇಳಿದವಳು.

ನಾನು ಕೇಳಿಯೇಬಿಟ್ಟೆ. ‘ಅಕ್ಕಾ, ಆಚಾರ್ರು ಬರೋದು ಫ್ರಾನ್ಸಿನ ಸೂರ್ಯನ್ನ ನೋಡೋಕಲ್ಲ.’

‘ಗೊತ್ತು ಕಣೋ. ನಾನೇನು ಕುರುಡೀನಾ?’

‘ಮತ್ತೆ ಹೇಳಿಬಿಡು ಅವರಿಗೆ.’

ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಲಿಲ್ಲ. ‘ಎಲ್ಲಿ ಹೇಳ್ಲಿ? ಒಳಗೆ ಹೇಳಿದ್ರೆ ಕೊರಳಿಗೆ ಹಗ್ಗ ಹಾಕಿದ ಹಾಗೆ. ಇಷ್ಟ ಇರ್ಲಿ ಬಿಡ್ಲಿ, ಹೇಳಿದ್ದು ಹಿಡಿದುಬಿಡುತ್ತೆ. ಆ ರಂಗಿ ನಕ್ಕ ಹಾಗೆ ಅವರು ನನ್ನ ಜೊತೆ ಬಾಳ್ಬೇಕಾ? ಹೊರಗೆ ಹೇಳೋಣ ಅಂದ್ರೆ, ಹೊರಗೆ ನನ್ನ ಬಾಯಿಗೆ ಬೇರೇನೇ ಬರುತ್ತೆ ಕಣೋ. ಇಷ್ಟು ವರ್ಷ ಹೊಟ್ಟೆಪಾಡಿಗೆ ಸಾಕಿದ ನಾಯಿ ಅದು, ಯಾರು ಬಂದ್ರೂ ಬೊಗಳುತ್ತೆ. ಅವರೇ ಹೇಳ್ಲಿ ಬಿಡು.’

ಅತ್ತ ಟೀ ಅಂಗಡಿಯಲ್ಲಿ ಆಚಾರ್ರನ್ನು ಕೆಣಕಿದರೆ ಅವರದು ಬೇರೆಯೇ ಸಮಾಧಾನ. ‘ದಿನಾ ಪಕ್ಕದಲ್ಲಿ ನಿಲ್ತೀವಲ್ಲ ಉಗ್ರಣ್ಣ. ಬೇಡ ಅನ್ನೋರು ಅಷ್ಟು ಹೊತ್ತು ನಿಲ್ತಾರಾ? ಎಲ್ಲಾ ಹೇಳಿ ಆಗಿದೆ ಅಂತಾನೇ ಲೆಕ್ಕ.’ ಹೀಗೆ ಒಬ್ಬರು ಹೇಳಿ ಆಗಿದೆ ಎಂದು ಸುಮ್ಮನಾದರು, ಇನ್ನೊಬ್ಬರು ಹೇಳಲಿ ಎಂದು ಸುಮ್ಮನಾದರು. ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು, ಅದೂ ಹೋಯಿತು. ಹಂಡೆಯ ಹೊರಮೈಗೆ ಲೋಟ ತಾಗಿ ತಾಗಿ ಒಂದು ಕಡೆ ತಗ್ಗು ಬಿತ್ತು.

ಆಮೇಲೆ ಪಾತ್ರೆ ಅಂಗಡಿಗೆ ಕರೆಂಟಿನ ಯಂತ್ರ ಬಂತು. ದರ್ಜಿಯ ಸೂಜಿಯಂತೆ ಗಿರ್ರೆಂದು ಚುಕ್ಕಿ ಚುಕ್ಕಿಯಾಗಿ ಹೆಸರು ಕುಟ್ಟುವ ಯಂತ್ರ. ಜನಕ್ಕೆ ಅದೇ ಚೆಂದವೆನಿಸಿತು. ಆಚಾರ್ರ ಮುಂದೆ ಪಾತ್ರೆಗಳ ಸಾಲು ಕರಗಿತು. ದೂರದ ಊರಿನಲ್ಲಿ ಬೆಳ್ಳಿ ಕೆಲಸ ಮಾಡುವ ಅವರ ಅಣ್ಣನಿಂದ ‘ಇಲ್ಲಿಗೆ ಬಾ, ಕೈಕೆಲಸ ಕೇಳೋರು ಇಲ್ಲಿದಾರೆ’ ಎಂದು ಕರೆ ಬಂತು. ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಹೇಳಿದರು.

‘ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡ್ತಿದೀನಿ ಸಿಂಗಾರಮ್ಮನವ್ರೇ. ಅಣ್ಣ ಕರೆದಿದಾನೆ.’ ಹೇಳಿ ನಿಂತರು. ಆ ನಿಲುವಿನಲ್ಲಿ ಒಂದು ಹಬ್ಬದ ಅಡುಗೆ ಮಾಡಿ ಮುಗಿಸಬಹುದಿತ್ತು, ಅಷ್ಟು ಹೊತ್ತು ನಿಂತರು.

ಅಕ್ಕ ಎಂದಳು, ‘ಹೋಗಿ ಬನ್ನಿ, ಹೋಗಿ ಬನ್ನಿ. ಬೆಳ್ಳಿ ಸಹವಾಸ ಸಿಕ್ತು, ಇನ್ನು ನಮ್ಮ ಹಿತ್ತಾಳೆ ಮೋರೆಗಳು ಎಲ್ಲಿ ಕಾಣುತ್ತೆ ನಿಮಗೆ!’ ಹೇಳಿ ಜೋರಾಗಿ ನಕ್ಕಳು. ಅಂದು ಮನೆಗೆ ಬಂದು ಒಂದು ಮಾತೂ ಆಡಲಿಲ್ಲ. ನಾನು ಅವಳಿಗೆ ಜ್ವರವೆಂದುಕೊಂಡು ಕಷಾಯ ಕಾಸಿದೆ.

ಮರುದಿನದ್ದನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಇಬ್ಬರೂ ಹೇಳಿದ್ದು ಒಂದೇ. ಅದಕ್ಕೇ ಇಲ್ಲಿ ನಾನು ಉಪ್ಪು ಖಾರ ಹಾಕುವುದಿಲ್ಲ. ಆಚಾರ್ರು ತಮ್ಮ ಟ್ರಂಕನ್ನು ಬಸ್ ಸ್ಟ್ಯಾಂಡಿನಲ್ಲಿ ನನ್ನ ವಶಕ್ಕೆ ಬಿಟ್ಟು ಮ್ಯೂಸಿಯಮ್ಮಿಗೆ ಹೋದರು. ಇಬ್ಬರೂ ನೀರು ತುಂಬಿಕೊಂಡು ಒಳಗೆ ಹೋದರು. ಎಂದಿನಂತೆ ನಿಂತರು. ಅಂದು ಯಾರೂ ಯಾವ ಗೆರೆಯನ್ನೂ ತೋರಿಸಲಿಲ್ಲ. ಆಮೇಲೆ ಆಚಾರ್ರು ತಿರುಗಿ, ಕೈ ಮುಗಿದರು. ಹೊಸಿಲ ಕಡೆಗೆ ಒಂದು ಹೆಜ್ಜೆ ಇಟ್ಟರು.

ಅಕ್ಕ ಬಾಯಲ್ಲಿದ್ದ ನೀರನ್ನು ಗುಟುಕ್ಕನೆ ನುಂಗಿದಳು. ‘ಆಚಾರ್ರೆ, ನೀವು ಈ ಊರು ಬಿಟ್ಟು ಹೋಗೋದಿಲ್ಲ. ನನ್ನ ಜೊತೆ ಇರ್ತೀರ’ ಎಂದಳು.

ಹೇಳಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅವರ ಮುಖ ಕೂಡ ನೋಡದೆ ಆಚೆ ಓಡಿಹೋಗಿ ಮೊಸಳೆಯ ಹಿಂದೆ ಕೂತುಬಿಟ್ಟಳು. ಒಬ್ಬ ಗಂಡಸನ್ನು ಅವನ ಮನಸ್ಸು ಕೇಳದೆ ಕಟ್ಟಿಹಾಕಿದೆನಲ್ಲ ಎಂದು ಮನಸ್ಸಿನಲ್ಲೇ ತನ್ನನ್ನು ಬೈದುಕೊಂಡಳು. ಆಚಾರ್ರ ಬಾಯಲ್ಲಿ ನೀರಿತ್ತು. ಏನಾದರೂ ಹೇಳೋಣವೆಂದರೆ ನಿಂತ ಜಾಗವೇ ಅಡ್ಡಿ.

ಬಸ್ ಸ್ಟ್ಯಾಂಡಿಗೆ ಬಂದಾಗ ಅವರ ಮುಖ ದೀಪಾವಳಿಯಾಗಿತ್ತು. ‘ಉಗ್ರಣ್ಣ, ನಿಮ್ಮಕ್ಕ ನನ್ನನ್ನ ಹಿಡಿದು ಹಾಕಿದಾರೆ. ಚಿತ್ರದ ಮುಂದೇನೇ ಹೇಳಿಬಿಟ್ರು’ ಎಂದು ಎಲ್ಲ ಹೇಳಿದರು.

ನಾನು ಹಾರಿದ ರಭಸಕ್ಕೆ ಬಸ್ ಸ್ಟ್ಯಾಂಡಿನ ತಗಡಿನ ಸೂರಿಗೆ ತಲೆ ತಾಗಿತು. ‘ಮತ್ತೆ ಇಲ್ಲಿಗ್ಯಾಕೆ ಬಂದ್ರಿ ಭಾವ?’ ಎಂದೆ. ಭಾವ ಎಂದೇ ಕರೆದೆ.

‘ಹೇಗೆ ಹಿಡಿಯುತ್ತೆ ನೋಡೋಣ ಅಂತ. ಚೆಲುವಯ್ಯನಿಗೆ ಕಾಲು ತಾನಾಗೇ ಹೋಯ್ತಲ್ಲ. ನನಗೆ ತಾನಾಗೇ ನಿಲ್ಲಬೇಕು. ಆ ಮಾತು ನನ್ನ ಕಾಲನ್ನ ಹಿಡಿಯೋದನ್ನ ಒಂದ್ಸಲ ನೋಡ್ಬೇಕು ಉಗ್ರಣ್ಣ, ಆಮೇಲೆ ಹೋಗಿ ಅವರ ಮುಂದೆ ನಿಲ್ತೀನಿ.’

ನಮ್ಮೂರಿನವನಿಗಲ್ಲದೆ ಬೇರೆ ಯಾರಿಗೂ ಇದು ಅರ್ಥವಾಗುವುದಿಲ್ಲ. ಹುಟ್ಟಿದಂದಿನಿಂದ ಮಾತಿನ ಹಿಡಿತಕ್ಕೆ ಹೆದರಿ ಬದುಕಿದವರು ನಾವು. ಆ ಹಿಡಿತ ಒಮ್ಮೆಯಾದರೂ ಸುಖವಾಗಿ ಬಂದು ತಟ್ಟುವುದನ್ನು ನೋಡದೆ ಹೇಗೆ ಬಿಡುವುದು? ನಾನೂ ನಿಂತೆ, ಅವರ ಕಾಲನ್ನೇ ನೋಡುತ್ತ.

ಬಸ್ಸು ಬಂತು. ಆ ದಿನ ಆ ಬಸ್ಸಿಗೆ ನಾನು ಕೂಗು ಹಾಕಲಿಲ್ಲ. ಆಚಾರ್ರು ಮೆಟ್ಟಿಲಿನ ಎದುರು ನಿಂತು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಬಲಗಾಲು ಎತ್ತಿದರು. ಎತ್ತಲಾಗುವುದಿಲ್ಲ ಎಂದುಕೊಂಡಿದ್ದರು. ಕಾಲು ಎದ್ದಿತು. ‘ಒಳಗೆ ಹೋಗೋಕೆ ಬಿಡಲ್ಲ ಬಿಡಿ’ ಎಂದೆ ನಾನು. ಒಳಗೆ ಹೋದರು. ‘ಕೂರೋಕೆ ಆಗಲ್ಲ’ ಎಂದರು ಅವರೇ ಕಿಟಕಿಯಿಂದ. ಕೂತರು. ನಗು ಇನ್ನೂ ಮುಖದ ಮೇಲೇ ಇತ್ತು. ‘ಹಾಗಾದ್ರೆ ಬಸ್ಸೇ ಹೊರಡಲ್ಲ ಉಗ್ರಣ್ಣ.’ ಡ್ರೈವರ್ ಕೀಲಿ ತಿರುಗಿಸಿದ. ಇಂಜಿನ್ ಕೆಮ್ಮಿ, ಉಸಿರು ಕಟ್ಟಿ, ನಿಂತುಹೋಯಿತು. ನಾವಿಬ್ಬರೂ ಹೋ ಎಂದು ಕೂಗಿದೆವು. ಬಸ್ಸಿನಲ್ಲಿದ್ದವರು ನಮ್ಮನ್ನು ಹುಚ್ಚರೆಂದುಕೊಂಡಿರಬೇಕು. ಡ್ರೈವರ್ ಇನ್ನೊಮ್ಮೆ ತಿರುಗಿಸಿದ. ಇಂಜಿನ್ ಹಿಡಿಯಿತು.

ಬಸ್ಸು ಅಲ್ಲಾಡಿದಾಗ ಆಚಾರ್ರ ಮುಖದಿಂದ ನಗು ಇಳಿಯಿತು. ನಾನು ಬಸ್ಸಿನ ಪಕ್ಕ ಓಡಿದೆ. ‘ಹಿಡೀಲಿಲ್ಲ ಉಗ್ರಣ್ಣ’ ಎಂದರು. ‘ನಿಮ್ಮಕ್ಕನಿಗೆ ಮನಸ್ಸಿರಲಿಲ್ಲ ಅಂತ ಕಾಣುತ್ತೆ. ಬಾಯಿಮಾತಿಗೆ ಅಂದ್ರು.’ ಬಸ್ಸು ಊರ ಬಾಗಿಲು ದಾಟಿತು. ಅಲ್ಲಿಯಾದರೂ ನಿಂತೀತು ಎಂದು ಧೂಳು ಅಡಗುವ ತನಕ ನೋಡಿದೆ. ಕಾಲಿಗೆ ಕಟ್ಟಿರಲಿಲ್ಲ, ಬಾಗಿಲಿಗೆ ಬೀಗವಿರಲಿಲ್ಲ. ಇರಲು ಮನಸ್ಸಿದ್ದ ಮನುಷ್ಯ, ಇರು ಎಂದು ಹೇಳಿಸಿಕೊಂಡ ಮನುಷ್ಯ, ತನ್ನನ್ನು ಯಾರೂ ಹಿಡಿಯಲಿಲ್ಲವೆಂಬ ಒಂದೇ ಕಾರಣಕ್ಕೆ ಹೊರಟುಹೋದ.

ಅಕ್ಕ ಮ್ಯೂಸಿಯಮ್ಮಿನ ಬಾಗಿಲಲ್ಲಿ ಕಾಯುತ್ತಿದ್ದಳು. ಕ್ಷಮೆ ಕೇಳಲು ಮಾತುಗಳನ್ನು ಜೋಡಿಸಿಕೊಂಡಿದ್ದಳಂತೆ. ನಿಮಗೆ ಇಷ್ಟವಿಲ್ಲದಿದ್ದರೆ ಇವತ್ತಿನ ಮುಸ್ಸಂಜೆಗೇ ಬಿಡುಗಡೆಯ ಮಾತು ಆಡಿಬಿಡುತ್ತೇನೆ ಎಂದು ಹೇಳುವವಳಿದ್ದಳು.

‘ಎಲ್ಲೋ ಅವರು?’

‘ಹೋದ್ರು ಅಕ್ಕ.’

‘ಹೋಗೋಕಾಗಲ್ಲ ಅವರಿಗೆ.’

‘ಹೋದ್ರು. ಹತ್ತಿದ್ರು, ಕೂತ್ರು, ಹೋದ್ರು.’

ಅವಳು ನನ್ನ ರಟ್ಟೆ ಹಿಡಿದು ಹಿಂದಿನ ಕೋಣೆಗೆ ದರದರ ಎಳೆದುಕೊಂಡು ಹೋದಳು. ಹಂಡೆಯ ಕಡೆ ತಿರುಗಿಯೂ ನೋಡಲಿಲ್ಲ. ಚಿತ್ರದ ಎದುರು ನನ್ನನ್ನು ನಿಲ್ಲಿಸಿ, ‘ಉಗ್ರಾ, ನಿನ್ನ ಬಾಯಿ ಬಿದ್ದು ಹೋಗ್ಲಿ. ಇನ್ನು ಮೇಲೆ ನೀನು ಒಂದು ಮಾತೂ ಆಡೋದಿಲ್ಲ’ ಎಂದಳು.

‘ಅಕ್ಕಾ!’ ಎಂದು ಕಿರುಚಿದೆ ನಾನು. ಗೋಡೆಯ ಸುಣ್ಣ ಉದುರಿತು. ಏಳು ಹಳ್ಳಿಗೆ ಕೇಳುವ ನನ್ನ ಗಂಟಲು ಇದ್ದ ಹಾಗೇ ಇತ್ತು. ನನ್ನ ದನಿ ಕೇಳಿ ನನಗೇ ಅಷ್ಟು ದುಃಖವಾದದ್ದು ಅದೊಂದೇ ಸಲ.

ಅವಳು ನೆಲದ ಮೇಲೆ ಕೂತಳು. ಆ ಫ್ರಾನ್ಸಿನ ಸೂರ್ಯ ಬರೀ ಕಾಗದವಾಗಿದ್ದ.

ಮಾರನೆಯ ದಿನ ಅವಳೇ ಹೋಗಿ ಪುರಸಭೆಯ ಗಂಟೆ ಹೊಡೆಯುವ ಬೋರಲಿಂಗಯ್ಯನನ್ನು ಹಿಡಿದಳು. ಚೆಲುವಯ್ಯ ಹೋದ ದಿನ ಏನಾಗಿತ್ತು ಎಂದು ಕೇಳಿದಳು. ಮುದುಕ ತಲೆ ಕೆರೆದುಕೊಂಡ. ‘ಆವತ್ತು ಮೋಡ ಕವಿದಿತ್ತು ಕಣವ್ವ. ಸೂರ್ಯ ಎಲ್ಲವ್ನೆ ಅಂತ ಕಾಣಾಕಿಲ್ಲ. ಅಂದಾಜಿನ ಮ್ಯಾಲೆ ಹೊಡ್ದೆ. ಒಸಿ ತಡ ಆಗಿರಬೋದು’ ಎಂದ. ಕೋಣೆಗೆ ಕಿಟಕಿಯಿರಲಿಲ್ಲ. ಆ ಹೊತ್ತು ಹೊರಗೆ ನಿಜವಾದ ಸೂರ್ಯ ಮೋಡದ ಹಿಂದೆ ನಿಜವಾಗಿಯೇ ಜಾರುತ್ತಿದ್ದ. ನಾವು ಆಕಾಶವನ್ನು ಬಿಟ್ಟು ಗಂಟೆಯನ್ನು ನಂಬಿ, ಗಂಟೆಯನ್ನು ನಂಬಿ ಚಿತ್ರಕ್ಕೆ ಹೆದರಿದೆವು. ಎಷ್ಟೊಂದು ಮಧ್ಯಾಹ್ನಗಳು ಇಬ್ಬರು ಮಾತು ಬಲ್ಲ ಮನುಷ್ಯರು ಎರಡು ಗುಟುಕು ನೀರಿನ ಹಿಂದೆ ನಿಂತರು.

ಪುರಸಭೆ ಠರಾವನ್ನು ಹಿಂದಕ್ಕೆ ತೆಗೆದುಕೊಂಡಿತು. ಈಗ ಆ ಕೋಣೆಗೆ ಶಾಲೆಯ ಮಕ್ಕಳು ಬಂದು ಗಲಗಲ ಎನ್ನುತ್ತವೆ. ಆಚಾರ್ರಿಗೆ ವಿಷಯ ತಿಳಿಸುತ್ತೇನೆ ಎಂದು ನಾನು ಹೊರಟರೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ‘ಬೇಡ. ಚಿತ್ರ ಹಿಡೀಲಿಲ್ಲ ಅಂದ್ಮೇಲೆ ಅವರ ಕಾಲು ಅವರದ್ದೇ ಆಗಿತ್ತು. ಇರೋ ಮನಸ್ಸಿದ್ದಿದ್ರೆ ಇಳೀತಿದ್ರು. ಹಿಡಿದು ಹಾಕೋಕೆ ನೋಡಿದ ಮೂಳಿ ಇವಳು ಅಂತ ಹೇಸಿಕೊಂಡು ಹೋಗಿರ್ತಾರೆ. ನೀನೇನಾದ್ರೂ ಹೇಳಿದ್ರೆ ನನ್ನ ಹೆಣ ನೋಡ್ತೀಯ’ ಎಂದಳು. ಆಮೇಲಿನ ಸಂಜೆಗಳಲ್ಲಿ ಅವಳು ಬಾಯಲ್ಲಿ ನೀರು ತುಂಬಿಕೊಂಡು ಮಾಳಿಗೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಗಂಟೆ ಹೊಡೆದ ಮೇಲೂ ಉಗುಳಲು ಮರೆಯುತ್ತಿದ್ದಳು.

ವರ್ಷಗಳು ಹೋದವು. ಮದುವೆಯೊಂದಕ್ಕೆ ಆ ದೂರದ ಊರಿಗೆ ಹೋದಾಗ ಬೆಳ್ಳಿ ಬೀದಿಯಲ್ಲಿ ಹುಡುಕಿದೆ. ಆಚಾರ್ರು ಕನ್ನಡಕ ಹಾಕಿಕೊಂಡು ಕುಂಕುಮದ ಬಟ್ಟಲೊಂದಕ್ಕೆ ಬಳ್ಳಿ ಕೊರೆಯುತ್ತಿದ್ದರು. ಕೂದಲು ಬೆಳ್ಳಿಗಿಂತ ಬೆಳ್ಳಗಾಗಿತ್ತು. ಅತ್ತಿಗೆಯ ತಂಗಿಯನ್ನು ಮದುವೆಯಾಗಿದ್ದರು. ಒಳ್ಳೆಯ ಹೆಣ್ಣುಮಗಳು, ಮಜ್ಜಿಗೆ ತಂದುಕೊಟ್ಟು ಒಳಗೆ ಹೋದಳು. ನಾನು ಬೋರಲಿಂಗಯ್ಯನ ಗಂಟೆಯ ವಿಷಯ ಹೇಳಿಬಿಟ್ಟೆ. ಅಕ್ಕನ ಆಣೆ ಗಂಟಲಿನಲ್ಲಿ ನಿಲ್ಲಲಿಲ್ಲ.

ಅವರು ಉಳಿಯನ್ನು ಕೆಳಗಿಟ್ಟರು. ‘ಹಾಗಾದ್ರೆ ಆವತ್ತು ಅವರು ಅಂದದ್ದು ಬರೀ ಮಾತಾ?’

‘ಬರೀ ಮಾತೇ ಆಚಾರ್ರೆ. ಎಲ್ಲಾ ಊರಲ್ಲೂ ಆಡ್ತಾರಲ್ಲ, ಅಂಥದು.’

ಬಟ್ಟಲನ್ನು ಅತ್ತ ಇತ್ತ ತಿರುಗಿಸಿದರು. ‘ಅಂದ್ರೆ ಅವರು ನನ್ನನ್ನ ಹಿಡಿದು ಹಾಕಲಿಲ್ಲ. ಕೇಳಿದ್ರು’ ಎಂದರು. ಕನ್ನಡಕ ತೆಗೆದು, ‘ಕೇಳಿದ್ದಕ್ಕೆ ನಾನು ಉತ್ತರಾನೇ ಹೇಳದೆ ಬಂದ್ಬಿಟ್ಟೆ ಉಗ್ರಣ್ಣ’ ಎಂದರು. ನಾನು ಏಳುವಾಗ ಬೀದಿಯ ತುದಿಯ ತನಕ ಬಂದರು. ‘ಇರ್ತಿದ್ದೆ’ ಎಂದರು. ಅಷ್ಟೇ ಅಂದು, ಅಂಗಡಿಯ ಕಡೆ ತಿರುಗಿದರು.

ಊರಿಗೆ ಬಂದವನೇ ಅಕ್ಕನೆದುರು ಕೂತೆ. ಅವಳು ಬೇಳೆ ಆರಿಸುತ್ತಿದ್ದಳು. ಬೆಳಗಿನ ಹೊತ್ತು, ಅಂಗಳದಲ್ಲಿ ಬಿಸಿಲು. ಎಲ್ಲ ಹೇಳಿದೆ. ಮೊದಲ ಬಾರಿ ಒಂದೂರನ್ನು ಎರಡೂರು ಮಾಡದೆ, ಒಂದು ಲೋಟ ಮಜ್ಜಿಗೆಯನ್ನು ಒಂದೇ ಲೋಟವೆಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

‘ಕೊನೇಗೆ ಏನಂದ್ರು ಅಂದೆ?’

‘ಇರ್ತಿದ್ದೆ ಅಂದ್ರು.’

ಅವಳು ಮೊರದಲ್ಲಿ ಬೆರಳಾಡಿಸಿದಳು. ‘ನೀನು ಸೇರಿಸಿ ಹೇಳ್ತಿದೀಯ.’

‘ಇಲ್ಲಕ್ಕ. ದೇವರಾಣೆ.’

‘ಸೇರಿಸಿದೀಯ. ನಂಗೊತ್ತಿಲ್ವಾ ನಿನ್ನ?’

ನಾನು ಏನೆಂದು ನಂಬಿಸಲಿ? ಅವಳು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. ಇನ್ನೊಂದು ಸಿಕ್ಕಲಿಲ್ಲ. ಸಿಕ್ಕದಿದ್ದರೂ ಹುಡುಕುತ್ತಲೇ ಇದ್ದಳು.

‘ಸೇರಿಸಿದ್ರೂ ಪರವಾಗಿಲ್ಲ ಕಣೋ’ ಎಂದಳು ತಲೆ ಎತ್ತದೆ. ‘ಇನ್ನೊಂದ್ಸಲ ಹೇಳು.’

ನಾನು ಇನ್ನೊಂದು ಸಲ ಹೇಳಿದೆ. ಅವರು ಹೇಳಿದಷ್ಟೇ, ಅವರು ಹೇಳಿದಷ್ಟೇ ಸಣ್ಣ ದನಿಯಲ್ಲಿ.